ಸೋಲೋಕೆ ಬಸ್ ಹತ್ತುವ ತಂಡಗಳು

(ಒಹಾಯೋದ ಕನ್ನಡ ಕೂಟವೊಂದರ ಪೋಷಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಸಲದ ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಕೂಟದವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಅಕ್ಕಾ, ನೀವು ಕಾಲೇಜಿನ ಅಕೌಂಟ್ಸ್‌ನಲ್ಲೇ ಇದ್ದವರು. ಒಂದು ವಿಷಯ ಕೇಳಬೇಕಿತ್ತು" ಅಂದರು. ಅವರ ಮಗಳು ಈಜುತ್ತಾಳೆ. ಆರು ವರ್ಷದಿಂದ ಬೆಳಗ್ಗೆ ಐದು ಗಂಟೆಗೆ ಎದ್ದು ಕೊಳಕ್ಕೆ ಹೋಗುವ ಹುಡುಗಿ. ಎರಡು ಕಾಲೇಜುಗಳಿಂದ ಅವಳಿಗೆ ಪತ್ರ ಬಂದಿದೆ. ಒಂದು ಡಿವಿಷನ್ 1, ಅಂದರೆ ಕಾಲೇಜು ಕ್ರೀಡೆಯ ಎಲ್ಲಕ್ಕಿಂತ ಮೇಲಿನ ದರ್ಜೆ. ಇನ್ನೊಂದು ಡಿವಿಷನ್ 3, ಕೆಳಗಿನ ದರ್ಜೆ. ಡಿವಿಷನ್ 1 ಅಂದರೆ ಮೈಸೂರಿನಲ್ಲಿರುವ ಅಜ್ಜಿ ತಾತನಿಗೂ ಹೇಳಿಕೊಳ್ಳೋಕೆ ಚೆನ್ನಾಗಿರುತ್ತದೆ. ಆದರೆ ಆ ಕಾಲೇಜು ಈಜು ತಂಡವನ್ನೇ ಮುಚ್ಚಬಹುದು ಅಂತ ಯಾರೋ ಹೇಳಿದ್ದಾರೆ. "ಡಿವಿಷನ್ 1 ಕಾಲೇಜಿಗೂ ದುಡ್ಡಿನ ತೊಂದರೆ ಇರುತ್ತಾ ಅಕ್ಕಾ?" ಅಂತ ಕೇಳಿದರು.

ಇರುತ್ತದೆ. ಬಹಳ ಇರುತ್ತದೆ. ಆವತ್ತು ಕೈಯಲ್ಲಿ ತಟ್ಟೆ ಹಿಡಿದುಕೊಂಡು ಅಷ್ಟೇ ಹೇಳಿದೆ. ಉಳಿದದ್ದನ್ನು ಇವತ್ತು ಹೇಳುತ್ತೇನೆ.

ನಾನು ಹದಿನಾಲ್ಕು ವರ್ಷ ಒಂದು ಸಣ್ಣ ಖಾಸಗಿ ಕಾಲೇಜಿನ ಅಕೌಂಟ್ಸ್ ಆಫೀಸಿನಲ್ಲಿ ಕೆಲಸ ಮಾಡಿದೆ. ಪ್ರತಿ ಶುಕ್ರವಾರ ಮಧ್ಯಾಹ್ನ ನನ್ನ ಮೇಜಿನ ಮುಂದೆ ಕೋಚ್‌ಗಳ ಸಾಲು ಇರುತ್ತಿತ್ತು. ಶನಿವಾರ ಹೊರಗಡೆ ಪಂದ್ಯ ಇದ್ದರೆ ಮಕ್ಕಳ ಊಟದ ದುಡ್ಡು ತಗೊಂಡು ಹೋಗೋಕೆ ಬರುತ್ತಿದ್ದರು. ಹೆಣ್ಣುಮಕ್ಕಳ ಸಾಕರ್ ಕೋಚ್ ಒಬ್ಬಳಿದ್ದಳು, ಮೂವತ್ತು ದಾಟಿರಲಿಲ್ಲ. 26 ಹುಡುಗಿಯರು, ತಲೆಗೆ 12 ಡಾಲರ್. ಕವರು ಎಣಿಸಿ ಕೊಟ್ಟರೆ ಸಹಿ ಹಾಕಿ ಹೋಗುವಳು. ಸೋಮವಾರ ಬೆಳಗ್ಗೆ ಅರ್ಧ ದುಡ್ಡು ವಾಪಸ್ ತರುವಳು. ಹೇಗೆ ಉಳಿಯಿತು ಅಂತ ಒಂದು ಸಲ ಕೇಳಿದೆ. ಹಿಂದಿನ ರಾತ್ರಿ ತಾನೇ ಬ್ರೆಡ್ಡು, ಪೀನಟ್ ಬಟರ್, ಬಾಳೆಹಣ್ಣು ತಂದು ಎಲ್ಲರಿಗೂ ಪೊಟ್ಟಣ ಕಟ್ಟಿದ್ದಳು. "ಈ ಉಳಿದ ದುಡ್ಡಿನಲ್ಲಿ ಟೇಪ್ ತರಿಸಬಹುದಾ?" ಅಂತ ಕೇಳಿದಳು. ಕಾಲಿನ ಹರಡಿಗೆ ಸುತ್ತುವ ಬಿಳಿ ಟೇಪ್. ಅಕ್ಟೋಬರ್ ಹೊತ್ತಿಗೆ ಆ ವರ್ಷದ ಟೇಪಿನ ಬಜೆಟ್ ಮುಗಿದಿತ್ತು. ಊಟದ ಲೆಕ್ಕದ ದುಡ್ಡನ್ನು ಟೇಪಿನ ಲೆಕ್ಕಕ್ಕೆ ಹಾಕುವ ಹಾಗಿಲ್ಲ. ಆಗಲ್ಲ ಅಂತ ಹೇಳಬೇಕಾಯಿತು. ಬೇಸರ ಮಾಡಿಕೊಳ್ಳದೆ ವ್ಯಾನಿನ ಕೀಲಿ ವಾಪಸ್ ಕೊಟ್ಟು ಹೋದಳು. ಆ ವ್ಯಾನ್ ಓಡಿಸುತ್ತಿದ್ದವಳೂ ಅವಳೇ.

ಟಿವಿಯಲ್ಲಿ ಲಕ್ಷ ಜನ ತುಂಬಿದ ಸ್ಟೇಡಿಯಂ ನೋಡಿದಾಗೆಲ್ಲ ನನಗೆ ಆ ಟೇಪ್ ನೆನಪಾಗುತ್ತದೆ. ಎರಡನ್ನೂ ನಾವು ಕಾಲೇಜು ಕ್ರೀಡೆ ಅಂತಲೇ ಕರೆಯುತ್ತೇವೆ. ಎರಡೂ, ಕಾಲೇಜು ಕ್ರೀಡೆಗೆ ನಿಯಮ ಮಾಡುವ ಎನ್‌ಸಿಎಎ ಅನ್ನೋ ಒಂದೇ ಸಂಸ್ಥೆಯ ಕೆಳಗಿವೆ. ತಪ್ಪು ತಿಳಿವಳಿಕೆ ಶುರುವಾಗುವುದೇ ಇಲ್ಲಿಂದ.

ಎನ್‌ಸಿಎಎಯಲ್ಲಿ ಸುಮಾರು 1,100 ಕಾಲೇಜುಗಳಿವೆ, ಐದು ಲಕ್ಷಕ್ಕಿಂತ ಜಾಸ್ತಿ ಆಟಗಾರರಿದ್ದಾರೆ. ಡಿವಿಷನ್ 1ರಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು. ಡಿವಿಷನ್ 2ರಲ್ಲಿ ಹೆಚ್ಚಾಗಿ ಅರ್ಧವೋ ಕಾಲೋ ಸಿಗುತ್ತದೆ. ಡಿವಿಷನ್ 3ರಲ್ಲಿ ಆಟಕ್ಕಾಗಿ ಒಂದು ಪೈಸೆಯೂ ಕೊಡುವಂತಿಲ್ಲ. ಡಿವಿಷನ್ 1 ಅಂದ ತಕ್ಷಣ ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ ಅಂದುಕೊಳ್ಳಬೇಡಿ. ಅಲ್ಲಿರುವ 360 ಚಿಲ್ಲರೆ ಕಾಲೇಜುಗಳಲ್ಲಿ ಓಹಾಯೋ ಸ್ಟೇಟ್ ಇದೆ, ನೀವು ಹೆಸರೇ ಕೇಳಿರದ ಎರಡು ಸಾವಿರ ಮಕ್ಕಳ ಕಾಲೇಜೂ ಇದೆ.

ದುಡ್ಡು ಬರುವ ದಾರಿಯೂ ಎರಡು. ದೊಡ್ಡ ಕಾಲೇಜುಗಳ ಫುಟ್‌ಬಾಲ್ (ಸಾಕರ್ ಅಲ್ಲ, ಅಮೆರಿಕನ್ ಫುಟ್‌ಬಾಲ್) ದುಡ್ಡು ಎನ್‌ಸಿಎಎಗೆ ಬರುವುದೇ ಇಲ್ಲ. ಟಿವಿ ಹಕ್ಕನ್ನು ತಾನೊಬ್ಬನೇ ಮಾರಬೇಕು ಎಂಬ ಎನ್‌ಸಿಎಎ ನಿಯಮವನ್ನು ಸುಪ್ರೀಂ ಕೋರ್ಟ್ 1984ರಲ್ಲಿ ತಳ್ಳಿಹಾಕಿತು. ಅವತ್ತಿನಿಂದ ದೊಡ್ಡ ಲೀಗ್‌ಗಳು, ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪುಗಳು, ತಮ್ಮ ವ್ಯಾಪಾರ ತಾವೇ ಮಾಡಿಕೊಳ್ಳುತ್ತಿವೆ. 2022ರಲ್ಲಿ ಬಿಗ್ ಟೆನ್ ಲೀಗ್ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಜಾಸ್ತಿಯ ಟಿವಿ ಒಪ್ಪಂದ ಮಾಡಿಕೊಂಡಿತು. ಆ ಲೀಗಿನ ಕಾಲೇಜುಗಳಿಗೆ ಮಾತ್ರ ಅದು. ಎನ್‌ಸಿಎಎ ಕೈಗೆ ಬರುವ ದುಡ್ಡಿನ ದೊಡ್ಡ ಭಾಗ ಮಾರ್ಚ್ ತಿಂಗಳ ಗಂಡುಮಕ್ಕಳ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಿಂದ. ಎನ್‌ಸಿಎಎ ಆದಾಯದಲ್ಲಿ ಡಿವಿಷನ್ 2ಕ್ಕೆ ಹೋಗುವುದು ಶೇ. 4.37, ಡಿವಿಷನ್ 3ಕ್ಕೆ ಶೇ. 3.18. ನಮ್ಮ ಕೋಚ್ ಬ್ರೆಡ್ಡಿಗೆ ಯಾಕೆ ಬೆಣ್ಣೆ ಸವರುತ್ತಿದ್ದಳು ಅಂತ ಈ ಎರಡು ಅಂಕಿ ನೋಡಿದರೆ ಗೊತ್ತಾಗುತ್ತದೆ.

ಇನ್ನು ಡಿವಿಷನ್ 1ರ ಸಣ್ಣ ಕಾಲೇಜು ಹೇಗೆ ಬದುಕುತ್ತದೆ ಅನ್ನುವುದಕ್ಕೆ ಬರೋಣ. ಈ ಉಪನ್ಯಾಸಕ್ಕೆ ಹೆಸರು ಸಿಕ್ಕಿದ್ದು ಅಲ್ಲಿಂದಲೇ.

ದೊಡ್ಡ ಕಾಲೇಜುಗಳಿಗೆ ಋತುವಿನ ಶುರುವಿನಲ್ಲಿ ಸುಲಭವಾಗಿ ಗೆಲ್ಲುವ ಪಂದ್ಯ ಬೇಕು. ತಮ್ಮ ಮೈದಾನದಲ್ಲೇ ಬೇಕು, ಟಿಕೆಟ್ ಮಾರಬೇಕಲ್ಲ. ಸಣ್ಣ ಕಾಲೇಜಿಗೆ ದುಡ್ಡು ಬೇಕು. ಹಾಗಾಗಿ ದೊಡ್ಡದು ಚೆಕ್ ಕೊಟ್ಟು ಸಣ್ಣದನ್ನು ಕರೆಸಿಕೊಳ್ಳುತ್ತದೆ. ಗ್ಯಾರಂಟಿ ಗೇಮ್ ಅಂತಾರೆ ಇದಕ್ಕೆ. ಸೋತು ಬಂದರೂ ಚೆಕ್ ಗ್ಯಾರಂಟಿ. 2007ರ ಸೆಪ್ಟೆಂಬರ್ 1ರಂದು ನಾರ್ತ್ ಕ್ಯಾರೊಲೈನಾದ ಆಪಲಾಚಿಯನ್ ಸ್ಟೇಟ್ ತಂಡ ನಾಲ್ಕು ಲಕ್ಷ ಡಾಲರ್ ಚೆಕ್ಕಿಗಾಗಿ ಮಿಷಿಗನ್ ವಿಶ್ವವಿದ್ಯಾಲಯದ ಎದುರು ಫುಟ್‌ಬಾಲ್ ಆಡಲು ಹೋಯಿತು. ಲಕ್ಷಕ್ಕೂ ಮೀರಿದ ಜನರ ಎದುರು ಆಡಿ 34-32ರಲ್ಲಿ ಗೆದ್ದೇಬಿಟ್ಟಿತು. ಆ ಪಂದ್ಯದ ಕಥೆ ಇವತ್ತಿಗೂ ಹೇಳುತ್ತಾರೆ. 2022ರಲ್ಲಿ ಅದೇ ಕಾಲೇಜು ಟೆಕ್ಸಸ್ ಎ ಆ್ಯಂಡ್ ಎಂ ತಂಡವನ್ನು ಅವರ ಮೈದಾನದಲ್ಲೇ 17-14ರಲ್ಲಿ ಸೋಲಿಸಿತು. ಆಗ ಚೆಕ್ 15 ಲಕ್ಷ ಡಾಲರ್ ಆಗಿತ್ತು.

ಇಂಥ ಕಥೆ ಚಂದ. ಆದರೆ ಅದು ಸಾವಿರಕ್ಕೊಂದು. ಉಳಿದ ತಂಡಗಳು ಏನು ಮಾಡುತ್ತವೆ ನೋಡಿ. ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಅಂತ ಒಂದು ವಿಶ್ವವಿದ್ಯಾಲಯ ಇದೆ, ಇಟ್ಟಾ ಬೀನಾ ಅನ್ನುವ ಸಣ್ಣ ಊರಿನಲ್ಲಿ. ಕಪ್ಪು ಜನರ ಓದಿಗಾಗಿ ಹುಟ್ಟಿದ ಕಾಲೇಜುಗಳಲ್ಲಿ ಅದೂ ಒಂದು. ಫುಟ್‌ಬಾಲಿನ ಜೆರ್ರಿ ರೈಸ್ ಓದಿದ್ದು ಅಲ್ಲಿಯೇ. ಅವರ ಬ್ಯಾಸ್ಕೆಟ್‌ಬಾಲ್ ಹುಡುಗರು ನವೆಂಬರ್, ಡಿಸೆಂಬರ್ ತಿಂಗಳನ್ನು ಬಹುತೇಕ ಪರ ಊರಿನ ಮೈದಾನಗಳಲ್ಲೇ ಕಳೆಯುತ್ತಾರೆ. ಒಂದು ರಾತ್ರಿ ಒಂದು ರಾಜ್ಯ, ಎರಡು ದಿನ ಬಿಟ್ಟು ಇನ್ನೊಂದು. ಮೂವತ್ತು, ನಲವತ್ತು ಪಾಯಿಂಟಿನಿಂದ ಸೋಲುವುದು, ಬಸ್ ಹತ್ತುವುದು. 2023-24ರಲ್ಲಿ ಆ ತಂಡ 31 ಪಂದ್ಯ ಆಡಿ ಒಂದೇ ಒಂದು ಗೆದ್ದಿತು. ಆ ಹುಡುಗರ ಆಟ ಕೆಟ್ಟದು ಅಂತ ಇದನ್ನು ಓದಬೇಡಿ. ತಮ್ಮ ಕಾಲೇಜಿನ ಬೇರೆ ತಂಡಗಳ ಬಸ್ಸಿಗೆ, ಶೂಗೆ, ಟೇಪಿಗೆ ದುಡ್ಡು ದುಡಿದು ತಂದವರು ಅವರು. ಪರೀಕ್ಷೆಯ ವಾರದಲ್ಲಿ ವಿಮಾನ ನಿಲ್ದಾಣದ ನೆಲದ ಮೇಲೆ ಕೂತು ಓದಿದವರು. ಸೋಲನ್ನು ಹೀಗೆ ಮಾರಾಟಕ್ಕಿಟ್ಟಿರುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಆ ಕಾಲೇಜನ್ನು ಬೈಯೋಕೂ ಮನಸ್ಸು ಬರುವುದಿಲ್ಲ. ಬೇರೆ ದಾರಿ ಯಾರು ಬಿಟ್ಟಿದ್ದಾರೆ ಅವರಿಗೆ?

ಗೆದ್ದರೆ ಎಲ್ಲ ಸರಿಹೋಗುತ್ತದೆ ಅಂತ ನೀವು ಅನ್ನಬಹುದು. ಗೆದ್ದವರ ಕಥೆಯನ್ನೂ ಹೇಳುತ್ತೇನೆ.

2022ರ ಮಾರ್ಚ್‌ನಲ್ಲಿ ನ್ಯೂಜೆರ್ಸಿಯ ಸೇಂಟ್ ಪೀಟರ್ಸ್ ವಿಶ್ವವಿದ್ಯಾಲಯ ಕೆಂಟಕಿಯನ್ನು ಸೋಲಿಸಿತು. ಜೆರ್ಸಿ ಸಿಟಿಯಲ್ಲಿ ಗಲ್ಲಿಗಳ ನಡುವೆ ಇರುವ ಪುಟ್ಟ ಕಾಲೇಜು ಅದು. ನಮ್ಮ ಎಷ್ಟೋ ಜನ ಅಲ್ಲೇ ಪಕ್ಕದಲ್ಲಿ ವಾಸ ಇದ್ದಾರೆ. ಕೆಂಟಕಿಯ ಕೋಚ್‌ಗೆ ಆಗ ವರ್ಷಕ್ಕೆ 80 ಲಕ್ಷ ಡಾಲರಿಗೂ ಮೇಲೆ ಸಂಬಳ. ಸೇಂಟ್ ಪೀಟರ್ಸ್‌ನ ಇಡೀ ಗಂಡುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡದ ಖರ್ಚು ಅದರ ಕಾಲುಭಾಗವೂ ಇರಲಿಲ್ಲ. ಕೆಂಟಕಿ ಆದ ಮೇಲೆ ಮರ್ರೇ ಸ್ಟೇಟ್, ಆಮೇಲೆ ಪರ್ಡ್ಯೂ. 15ನೇ ಶ್ರೇಯಾಂಕದ ತಂಡವೊಂದು ಕೊನೆಯ ಎಂಟರವರೆಗೆ ಬಂದದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್ ನೋಡದ ನನ್ನ ಅತ್ತೆಯೂ ಟಿವಿ ಮುಂದೆ ಕೂತಿದ್ದರು.

ಸಂಭ್ರಮ ಮುಗಿದ ವಾರದಲ್ಲೇ ಕೋಚ್ ಬೇರೆ ಕಾಲೇಜಿಗೆ ಹೋದರು. ಬೇಸಿಗೆ ಬರುವಷ್ಟರಲ್ಲಿ ಮುಖ್ಯ ಆಟಗಾರರೂ ಹೆಚ್ಚುಕಮ್ಮಿ ಎಲ್ಲರೂ ಹೋಗಿದ್ದರು. ಟ್ರಾನ್ಸ್‌ಫರ್ ಪೋರ್ಟಲ್ ಅಂತ ಕೇಳಿರುತ್ತೀರಿ. 2018ರಲ್ಲಿ ಶುರುವಾಯಿತು. ಕಾಲೇಜು ಬದಲಿಸಬೇಕು ಅನ್ನುವ ಹುಡುಗ ಅಲ್ಲಿ ಹೆಸರು ಹಾಕಿದರೆ ಸಾಕು. ಮೊದಲೆಲ್ಲ ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು, ಆ ನಿಯಮ ಈಗ ಹೋಗಿದೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖದ ಮೇಲೆ ಜಾಹೀರಾತು ದುಡ್ಡು ಪಡೆಯಬಹುದು ಅಂತ ಆಯಿತು. ಎರಡೂ ಸೇರಿ ಏನಾಯಿತು? ಸಣ್ಣ ಕಾಲೇಜು ಯಾರೂ ಕೇಳದ ಹುಡುಗನನ್ನು ಕರೆತಂದು ಎರಡು ವರ್ಷ ತಿದ್ದುತ್ತದೆ. ಅವನು ಚೆನ್ನಾಗಿ ಆಡಲು ಶುರು ಮಾಡಿದ ದಿನ ದೊಡ್ಡ ಕಾಲೇಜು ದುಡ್ಡು ತೋರಿಸಿ ಕರೆದುಕೊಳ್ಳುತ್ತದೆ. ನಾಟಿ ಮಾಡಿ ಕಳೆ ಕಿತ್ತವರು ಒಬ್ಬರು, ಕೊಯ್ಲು ಇನ್ನೊಬ್ಬರದು.

ಇದನ್ನು ಹೇಳುವಾಗ ಒಂದು ಮಾತು ಸ್ಪಷ್ಟ ಮಾಡಬೇಕು. ಹುಡುಗರು ಹೋದದ್ದು ತಪ್ಪಲ್ಲ. ಅವರ ಬೆವರಿನಿಂದ ಕೋಟಿಗಟ್ಟಲೆ ದುಡ್ಡು ಹುಟ್ಟುತ್ತಿದ್ದಾಗ ಅವರಿಗೆ ಏನೂ ಕೊಡದೆ ದಶಕಗಟ್ಟಲೆ ನಡೆಸಿದ್ದು ಅನ್ಯಾಯ. 2021ರಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಾಧೀಶರು, ಆಟಗಾರರಿಗೆ ಓದಿಗಾಗಿ ಕೊಡುವ ನೆರವಿಗೆ ಮಿತಿ ಹಾಕಿದ್ದನ್ನು ಪ್ರಶ್ನಿಸಿದ ಆಲ್‌ಸ್ಟನ್ ಪ್ರಕರಣದಲ್ಲಿ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಕೊಡಬೇಕಾದದ್ದೇ. ನನ್ನ ಸಂಕಟ ಬೇರೆ ಕಡೆ ಇದೆ. ಆ ಅನ್ಯಾಯ ಮಾಡಿ ಶ್ರೀಮಂತರಾದವರು ಒಬ್ಬರು, ಅದರ ದಂಡ ಕಟ್ಟುತ್ತಿರುವವರಲ್ಲಿ ಇನ್ನೊಬ್ಬರೂ ಇದ್ದಾರೆ.

ಗ್ರಾಂಟ್ ಹೌಸ್ ಅಂತ ಅರಿಜೋನಾ ಸ್ಟೇಟ್‌ನ ಒಬ್ಬ ಈಜುಗಾರ. ಆಟಗಾರರಿಗೆ ದುಡ್ಡಿನ ಪಾಲು ಕೊಡಲಿಲ್ಲ ಅಂತ ಎನ್‌ಸಿಎಎ ವಿರುದ್ಧ ಅವನ ಹೆಸರಿನಲ್ಲಿ ನಡೆದ ಮೊಕದ್ದಮೆ 2025ರ ಜೂನ್ 6ರಂದು ರಾಜಿಯಲ್ಲಿ ಮುಗಿಯಿತು. ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅದಕ್ಕೆ ಒಪ್ಪಿಗೆ ಕೊಟ್ಟರು. 2016ರಿಂದ ಆಡಿದವರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಜೊತೆಗೆ 2025ರ ಜುಲೈಯಿಂದ ಕಾಲೇಜುಗಳು ನೇರವಾಗಿ ಆಟಗಾರರಿಗೆ ದುಡ್ಡು ಹಂಚಬಹುದು. ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ.

ಆ 280 ಕೋಟಿ ಎಲ್ಲಿಂದ ಬರುತ್ತದೆ? ಒಂದಷ್ಟು ಎನ್‌ಸಿಎಎ ಇಟ್ಟುಕೊಂಡ ಹಣದಿಂದ. ಉಳಿದ ದೊಡ್ಡ ಪಾಲು, ಪ್ರತಿವರ್ಷ ಡಿವಿಷನ್ 1 ಕಾಲೇಜುಗಳಿಗೆ ಎನ್‌ಸಿಎಎ ಹಂಚುತ್ತಿದ್ದ ದುಡ್ಡಿನಲ್ಲಿ ಕಡಿತ ಮಾಡಿ. ಕಡಿತ ಎಲ್ಲರಿಗೂ. ಪರಿಹಾರದ ಬಹುಪಾಲು ಹೋಗುವುದು ದೊಡ್ಡ ಲೀಗ್‌ಗಳ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ. ಫುಟ್‌ಬಾಲ್ ತಂಡವೇ ಇಲ್ಲದ ಕಾಲೇಜು ಕೂಡ ಹತ್ತು ವರ್ಷ ಅದಕ್ಕೆ ತನ್ನ ಪಾಲು ಬಿಟ್ಟುಕೊಡಬೇಕು. ಕಡಿತದಲ್ಲಿ ಅರ್ಧಕ್ಕಿಂತ ಜಾಸ್ತಿ ಭಾರ ದೊಡ್ಡ ಐದು ಲೀಗ್‌ಗಳ ಹೊರಗಿನವರ ಮೇಲೆಯೇ ಬೀಳುತ್ತದೆ ಅಂತ 2024ರಲ್ಲಿ ಲೆಕ್ಕ ಹೊರಬಂದಾಗ ಸಣ್ಣ ಲೀಗ್‌ಗಳು ಕೂಗಾಡಿದವು. ಟೆಕ್ಸಸ್‌ನ ಹ್ಯೂಸ್ಟನ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ ಕೋರ್ಟಿಗೆ ಹೋಗಿ, ನಮ್ಮ ದುಡ್ಡಿನ ಬಗ್ಗೆ ನಮ್ಮನ್ನೂ ಕೇಳಿ ಅಂತ ಅರ್ಜಿ ಹಾಕಿತು. ಕೋರ್ಟು ಒಪ್ಪಲಿಲ್ಲ. ಕೋಣ ಕೋಣ ಕಾದಾಡಿದರೆ ಗಿಡಕ್ಕೆ ಸಾವು ಅಂತಾರಲ್ಲ, ಅದು ಇದೇ.

ಒಂದೊಂದು ಸಣ್ಣ ಕಾಲೇಜಿಗೆ ಈ ಕಡಿತ ವರ್ಷಕ್ಕೆ ಕೆಲವು ಲಕ್ಷ ಡಾಲರ್ ಅಷ್ಟೇ, ಅದೇನು ಮಹಾ ಅಂತ ಹೊರಗಿನವರು ಕೇಳುತ್ತಾರೆ. ಲೆಕ್ಕ ಬರೆದವಳಾಗಿ ಹೇಳುತ್ತೇನೆ. ಕೆಲವು ಲಕ್ಷ ಡಾಲರ್ ಅಂದರೆ ಒಂದು ಟೆನಿಸ್ ತಂಡ. ಅಥವಾ ಒಂದು ಈಜು ತಂಡ. ಬಜೆಟ್ ಸಭೆಯಲ್ಲಿ ಈ ದುಡ್ಡಿಗೆ ಬೇರೆ ಹೆಸರೇ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ 2025ರ ಮಾರ್ಚ್‌ನಲ್ಲಿ ಈಜು ಮತ್ತು ಡೈವಿಂಗ್ ತಂಡ ನಿಲ್ಲಿಸಿತು. ಈ ರಾಜಿಯ ಹೊರೆಯೂ ಒಂದು ಕಾರಣ ಅಂತ ಹೇಳಿತು. ಅದೇ ರಾಜ್ಯದ ಸೊನೋಮಾ ಸ್ಟೇಟ್ ಡಿವಿಷನ್ 2ರ ಕಾಲೇಜು. ಆ ಜನವರಿಯಲ್ಲಿ ತನ್ನೆಲ್ಲ ತಂಡಗಳನ್ನೂ ಒಟ್ಟಿಗೆ ನಿಲ್ಲಿಸುವುದಾಗಿ ಹೇಳಿತ್ತು. ಅದಕ್ಕೂ ಮೊದಲು, 2023ರಲ್ಲಿ, ಬ್ರೂಕ್ಲಿನ್‌ನ ಸೇಂಟ್ ಫ್ರಾನ್ಸಿಸ್ ಕಾಲೇಜು ಡಿವಿಷನ್ 1ರಲ್ಲಿದ್ದ ಆಟದ ವಿಭಾಗವನ್ನೇ ಪೂರ್ತಿ ಮುಚ್ಚಿತ್ತು.

ಇನ್ನೊಂದು ಸೇಂಟ್ ಫ್ರಾನ್ಸಿಸ್ ಇದೆ, ಪೆನ್ಸಿಲ್ವೇನಿಯಾದ ಲೊರೆಟ್ಟೊದಲ್ಲಿ. ಆಲ್ಟೂನಾ ಹತ್ತಿರದ ಗುಡ್ಡದ ಊರು. ಇಲ್ಲಿಂದ ಕಾರಿನಲ್ಲಿ ಹೋಗಿ ಬರಬಹುದಾದ ದೂರ. 2025ರಲ್ಲಿ ಅವರ ಬ್ಯಾಸ್ಕೆಟ್‌ಬಾಲ್ ಹುಡುಗರು ಲೀಗ್ ಗೆದ್ದು 1991ರ ನಂತರ ಮೊದಲ ಸಲ ಮಾರ್ಚ್ ಪಂದ್ಯಾವಳಿಗೆ ಬಂದರು. ಡೇಟನ್‌ನಲ್ಲಿ ಆಲಬಾಮಾ ಸ್ಟೇಟ್ ಎದುರು ಆಟ. 68-68. ಕೊನೇ ಕ್ಷಣದಲ್ಲಿ ಆ ಕಡೆಯಿಂದ ಉದ್ದಕ್ಕೆ ಎಸೆದ ಚೆಂಡು ಕೈಯಿಂದ ಕೈಗೆ ತಾಗಿ ಎದುರಾಳಿಗೆ ಸಿಕ್ಕಿ ಬುಟ್ಟಿಗೆ ಬಿತ್ತು. 70-68. ಅದು ಮಾರ್ಚ್ 18. ಸರಿಯಾಗಿ ಒಂದು ವಾರಕ್ಕೆ, ಮಾರ್ಚ್ 25ಕ್ಕೆ, ನಾವು ಡಿವಿಷನ್ 1 ಬಿಟ್ಟು ಡಿವಿಷನ್ 3ಕ್ಕೆ ಹೋಗುತ್ತೇವೆ ಅಂತ ಕಾಲೇಜು ಪ್ರಕಟಿಸಿತು. ಟ್ರಾನ್ಸ್‌ಫರ್ ಪೋರ್ಟಲ್, ಆಟಕ್ಕೆ ಸಂಬಳ ಕೊಡುವ ಹೊಸ ಪದ್ಧತಿ ಇವನ್ನೆಲ್ಲ ಕಾರಣ ಕೊಟ್ಟಿತು.

ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ವಿಶ್ವವಿದ್ಯಾಲಯ 2021ರಲ್ಲೇ ಹೀಗೆ ಮಾಡಿತ್ತು. ಅದೂ ಮೊಟ್ಟಮೊದಲ ಸಲ ಮಾರ್ಚ್ ಪಂದ್ಯಾವಳಿಗೆ ಹೋಗಿ ಬಂದ ಎರಡು ತಿಂಗಳಿಗೆ.

ಗೆದ್ದ ಮೇಲೆ ಇಳಿಯುವುದು ಹುಚ್ಚುತನ ಅಂತ ತುಂಬಾ ಜನ ಅಂದರು. ಹಳೆಯ ವಿದ್ಯಾರ್ಥಿಗಳು ಅತ್ತರು, ಸಿಟ್ಟಾದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ಲೆಕ್ಕ ನೋಡಿದವರ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಮಾರ್ಚ್ ಪಂದ್ಯಾವಳಿಯಲ್ಲಿ ಆಡಿದ ಒಂದೊಂದು ಪಂದ್ಯಕ್ಕೂ ಸುಮಾರು 20 ಲಕ್ಷ ಡಾಲರ್ ಸಿಗುತ್ತದೆ ಅನ್ನುವುದು ನಿಜ. ಆದರೆ ಅದು ಬರುವುದು ಆರು ವರ್ಷಕ್ಕೆ ಹಂಚಿಕೊಂಡು, ಅದೂ ಲೀಗಿಗೆ. ಲೀಗಿನಲ್ಲಿ ಹತ್ತು ಕಾಲೇಜು ಇದ್ದರೆ ಕೈಗೆ ಬರುವುದೆಷ್ಟು ನೀವೇ ಭಾಗಿಸಿ ನೋಡಿ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಗಾದೆ ನಮ್ಮಲ್ಲಿ ಇದೆಯಲ್ಲ. ದೊಡ್ಡವರ ಹಾಗೆ ಕಾಣಬೇಕು ಅಂತ ಕೋಚ್‌ಗೆ ಸಂಬಳ, ಮೈದಾನಕ್ಕೆ ಹೊಸ ದೀಪ, ಆಟಗಾರರಿಗೆ ಹೊಸ ಕಟ್ಟಡ ಅಂತ ಸಾಲ ಎತ್ತಿದ ಕಾಲೇಜುಗಳ ಬ್ಯಾಲೆನ್ಸ್ ಶೀಟನ್ನು ನಾನು ನೋಡಿದ್ದೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚುತ್ತೇವೆ ಅಂತ ಒಂದು ಕಾಲೇಜು ಬಾಯಿಬಿಟ್ಟು ಹೇಳಿದರೆ ಅದಕ್ಕೆ ಬೆಲೆ ಕೊಡಬೇಕು.

ಸರ್ಕಾರಿ ಕಾಲೇಜುಗಳ ವಿಷಯ ಸ್ವಲ್ಪ ಬೇರೆ. ಅಲ್ಲಿ ಭಾರ ಹೊರುವವರು ಆಟಕ್ಕೆ ಸಂಬಂಧವೇ ಇಲ್ಲದ ಮಕ್ಕಳು. ಫೀ ರಸೀದಿಯಲ್ಲಿ ಆಟದ ಶುಲ್ಕ ಅಂತ ಒಂದು ಸಾಲು ಇರುತ್ತದೆ. ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಅದು ವರ್ಷಕ್ಕೆ ಎರಡು ಸಾವಿರ ಡಾಲರಿಗೂ ಜಾಸ್ತಿ ಇದೆ. ರಾತ್ರಿ ಪಾಳಿ ಕೆಲಸ ಮಾಡಿ ಓದುವ ಹುಡುಗಿ, ಒಂದು ಪಂದ್ಯಕ್ಕೂ ಹೋಗದವಳು, ನಾಲ್ಕು ವರ್ಷಕ್ಕೆ ಎಂಟು ಸಾವಿರ ಕಟ್ಟುತ್ತಾಳೆ. ಆಟದ ಖರ್ಚಿನಲ್ಲಿ ಇಂಥ ಶುಲ್ಕದ ಪಾಲು ಎಷ್ಟಿರಬಹುದು ಅಂತ ವರ್ಜೀನಿಯಾ 2015ರಲ್ಲಿ ಕಾನೂನನ್ನೇ ಮಾಡಿ ಮಿತಿ ಹಾಕಬೇಕಾಯಿತು. ನಿಮ್ಮ ಮಕ್ಕಳ ಫೀ ರಸೀದಿಯನ್ನು ಇವತ್ತು ಮನೆಗೆ ಹೋಗಿ ಒಂದು ಸಲ ಸಾಲು ಸಾಲಾಗಿ ಓದಿ.

ಈಗ ಡಿವಿಷನ್ 3. ನಾನು ಕೆಲಸ ಮಾಡಿದ ಲೋಕ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಲ್ಲಿ ಲೆಕ್ಕ ತಲೆಕೆಳಗು.

ದೊಡ್ಡ ಕಾಲೇಜಿನಲ್ಲಿ ಆಟ ಅಂದರೆ ಟಿಕೆಟ್ಟು, ಟಿವಿ. ಇಲ್ಲಿ ಆಟ ಅಂದರೆ ಅಡ್ಮಿಷನ್. ಆಟಗಾರ ಅಂದರೆ ಫೀ ಕಟ್ಟುವ ವಿದ್ಯಾರ್ಥಿ. ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಬೋರ್ಡಿನಲ್ಲಿ ಬರೆದ ಫೀ 40 ಸಾವಿರ ಡಾಲರ್ ಅಂತ ಇಟ್ಟುಕೊಳ್ಳಿ. ಖಾಸಗಿ ಕಾಲೇಜುಗಳಲ್ಲಿ ಹೊಸದಾಗಿ ಸೇರುವವರಿಗೆ ಸರಾಸರಿ ಅರ್ಧಕ್ಕಿಂತ ಜಾಸ್ತಿ ರಿಯಾಯಿತಿ ಕೊಡುತ್ತಾರೆ. ಲೆಕ್ಕಕ್ಕೆ ಅರ್ಧ ಅನ್ನೋಣ. ಕೈಗೆ ಬರುವುದು 20 ಸಾವಿರ. ಈಜು ತಂಡ ಶುರು ಮಾಡಿ 30 ಮಕ್ಕಳನ್ನು ಕರೆತಂದರೆ ಆರು ಲಕ್ಷ ಡಾಲರ್. ಕೋಚ್ ಸಂಬಳ, ಕೊಳ, ಬಸ್ಸು ಎಲ್ಲ ಸೇರಿ ಎರಡು ಲಕ್ಷ ಅಂದರೂ ನಾಲ್ಕು ಲಕ್ಷ ಉಳಿಯಿತಲ್ಲ! ಫುಟ್‌ಬಾಲ್ ಆದರೆ ನೂರು ಹುಡುಗರು. ಅದಕ್ಕೇ ಅಮೆರಿಕದ ಸಣ್ಣ ಸಣ್ಣ ಊರಿನ ಕಾಲೇಜುಗಳು ದುಡ್ಡಿನ ಕಷ್ಟ ಬಂದಾಗ ಆಟ ನಿಲ್ಲಿಸುವ ಬದಲು ಹೊಸ ಆಟ ಶುರು ಮಾಡುತ್ತವೆ. ಕುಸ್ತಿ, ಲಕ್ರಾಸ್, ಬೌಲಿಂಗ್, ಈಗೀಗ ವಿಡಿಯೋ ಗೇಮ್ ತಂಡ ಕೂಡ.

ಕಾಗದದ ಮೇಲೆ ಚೆನ್ನಾಗಿರುತ್ತದೆ. ಒಂದೆರಡು ವರ್ಷ ನಡೆಯುತ್ತದೆ ಕೂಡ. ಆಮೇಲೆ ಪಕ್ಕದೂರಿನ ಕಾಲೇಜೂ ಅದೇ ಆಟ ಶುರು ಮಾಡುತ್ತದೆ. ಅದೇ ಮಕ್ಕಳಿಗಾಗಿ ಇಬ್ಬರ ನಡುವೆ ಪೈಪೋಟಿ. ರಿಯಾಯಿತಿ ಏರುತ್ತದೆ, ಕೈಗೆ ಬರುವ ದುಡ್ಡು ಇಳಿಯುತ್ತದೆ. ಅಷ್ಟರಲ್ಲಿ ಮೇಲಿನಿಂದ ಕೋಚ್‌ಗೆ ಮಾತು ಬರುತ್ತದೆ: ಈ ಸಲ 30 ಅಲ್ಲ, 42 ಮಕ್ಕಳನ್ನು ತರಬೇಕು. ನಮ್ಮ ಕಾಲೇಜಿನಲ್ಲಿ ಆ ಸಂಖ್ಯೆಯನ್ನು ಕೋಚ್‌ಗಳ ವರ್ಷದ ಮೌಲ್ಯಮಾಪನದ ಫಾರ್ಮಿನಲ್ಲೇ ಬರೆಯುತ್ತಿದ್ದರು. ಗೆಲುವು ಸೋಲಿನ ಕಾಲಂ ಅದರ ಕೆಳಗಿತ್ತು.

42 ಮಕ್ಕಳಲ್ಲಿ ಆಡಲು ಸಿಗುವುದು ಇಪ್ಪತ್ತು ಜನಕ್ಕೆ. ಉಳಿದವರು ಬೆಂಚಿನ ಮೇಲೆ. ಕೆಲವು ಸಲ ಬಸ್ಸಿನಲ್ಲೂ ಜಾಗ ಇಲ್ಲ. ಆಡೋಕೆ ಅಂತ ಮನೆಯಿಂದ ಐನೂರು ಮೈಲಿ ದೂರ ಬಂದ ಹುಡುಗ ಡಿಸೆಂಬರ್‌ನಲ್ಲಿ ಸುಮ್ನೆ ಸಾಮಾನು ಕಟ್ಟಿಕೊಂಡು ಹೋಗುತ್ತಾನೆ. ಜನವರಿಯ ಮೊದಲ ವಾರ ನಾನು ಫೀ ಬಾಕಿ ಪಟ್ಟಿ ತೆಗೆದರೆ ಒಂದೇ ತಂಡದ ನಾಲ್ಕೈದು ಹೆಸರು ಒಟ್ಟಿಗೆ ಇರುತ್ತಿದ್ದವು. ಅಪ್ಪ ಅಮ್ಮನಿಗೆ ಫೋನ್ ಮಾಡಿದರೆ, ಅವನು ಬರಲ್ಲ ಮೇಡಂ ಅನ್ನುತ್ತಿದ್ದರು. ಸಾಲ ಮಾತ್ರ ಉಳಿದಿರುತ್ತಿತ್ತು. ನನ್ನ ನೌಕರಿಯಲ್ಲಿ ಅತಿ ಕಷ್ಟದ ಫೋನುಗಳು ಅವೇ.

ಇದರ ಹಿಂದೆ ಇನ್ನೂ ದೊಡ್ಡ ಕಾರಣ ಇದೆ. 2007ರಲ್ಲಿ ಅಮೆರಿಕದಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದರು. ಆಮೇಲೆ ಆರ್ಥಿಕ ಕುಸಿತ ಬಂತು, ಹುಟ್ಟುವವರ ಸಂಖ್ಯೆ ಇಳಿಯುತ್ತಲೇ ಹೋಯಿತು. 2023ರ ಹೊತ್ತಿಗೆ 36 ಲಕ್ಷ. 2007ರ ಮಕ್ಕಳು ಕಾಲೇಜಿಗೆ ಬಂದಾಯಿತು. ಇನ್ನು ಮುಂದೆ ವರ್ಷ ವರ್ಷಕ್ಕೂ ಹದಿನೆಂಟರ ಮಕ್ಕಳು ಕಡಿಮೆ. ಫೀ ದುಡ್ಡನ್ನೇ ನಂಬಿದ ಕಾಲೇಜಿಗೆ ಇದು ನೀರು ಬತ್ತುತ್ತಿರುವ ಕೆರೆ.

ಸೌತ್ ಕ್ಯಾರೊಲೈನಾದ ಗ್ಯಾಫ್ನಿ ಊರಿನ ಲೈಮ್‌ಸ್ಟೋನ್ ವಿಶ್ವವಿದ್ಯಾಲಯ ಡಿವಿಷನ್ 2ರದ್ದು, 1845ರಲ್ಲಿ ಹುಟ್ಟಿದ್ದು. ಕ್ಯಾಂಪಸ್ಸಿನಲ್ಲಿದ್ದ ಮಕ್ಕಳಲ್ಲಿ ಬಹಳಷ್ಟು ಜನ ಆಟಗಾರರೇ. 2025ರ ವಸಂತದಲ್ಲಿ ತುರ್ತಾಗಿ 60 ಲಕ್ಷ ಡಾಲರ್ ಬೇಕು ಅಂತ ಕೇಳಿಕೊಂಡಿತು. ಅಷ್ಟು ಹುಟ್ಟಲಿಲ್ಲ. ಬಾಗಿಲು ಹಾಕಿತು.

ಆಲಬಾಮಾದ ಬರ್ಮಿಂಗ್‌ಹ್ಯಾಮ್ ಸದರ್ನ್ ಕಾಲೇಜಿನ ಕಥೆ ನನ್ನನ್ನು ಇನ್ನೂ ಕಾಡುತ್ತದೆ. 1856ರ ಕಾಲೇಜು. 2006ರಲ್ಲೇ ಡಿವಿಷನ್ 1 ಬಿಡುವ ತೀರ್ಮಾನ ಮಾಡಿ ಡಿವಿಷನ್ 3ಕ್ಕೆ ಇಳಿದಿತ್ತು. ಮಕ್ಕಳು ಜಾಸ್ತಿ ಬರಲಿ ಅಂತ ಫುಟ್‌ಬಾಲ್ ಶುರು ಮಾಡಿತ್ತು. ಆದರೆ ಆಟ ಒಂದೇ ಕಾಲೇಜನ್ನು ಉಳಿಸಲಾರದು. ಕಟ್ಟಡಗಳ ಸಾಲ, ಕರಗಿದ ನಿಧಿ ಎಲ್ಲ ಸೇರಿ ಕುತ್ತಿಗೆಗೆ ಬಂತು. ರಾಜ್ಯದಿಂದ ಸಾಲ ಸಿಗುತ್ತದೆ ಅಂತ ಕಾದಿತ್ತು, ಸಿಗಲಿಲ್ಲ. 2024ರ ಮೇ 31ಕ್ಕೆ ಮುಚ್ಚುವುದು ಅಂತ ಮಾರ್ಚ್‌ನಲ್ಲಿ ಪ್ರಕಟವಾಯಿತು. ಬೇಸ್‌ಬಾಲ್ ಹುಡುಗರು ಆಡುತ್ತಲೇ ಇದ್ದರು. ಗೆಲ್ಲುತ್ತಾ ಗೆಲ್ಲುತ್ತಾ ರಾಷ್ಟ್ರೀಯ ಫೈನಲ್ಸ್‌ಗೆ ಬಂದರು. ಅದು ನಡೆದದ್ದು ನಮ್ಮ ರಾಜ್ಯದಲ್ಲೇ, ಕ್ಲೀವ್‌ಲ್ಯಾಂಡ್ ಪಕ್ಕದ ಈಸ್ಟ್‌ಲೇಕ್‌ನಲ್ಲಿ. ಶುರುವಾದ ದಿನ ಮೇ 31. ಅಂದರೆ ಮಾರನೇ ದಿನ ಅವರು ಮೈದಾನಕ್ಕೆ ಇಳಿದಾಗ ಅಂಗಿಯ ಮೇಲಿದ್ದ ಹೆಸರಿನ ಕಾಲೇಜು ಇರಲಿಲ್ಲ. ಆ ಪಂದ್ಯ ಗೆದ್ದರು. ಅದರ ಮಾರನೇ ದಿನ 11-10ರಲ್ಲಿ, ಒಂದೇ ಒಂದು ರನ್ನಿನಿಂದ ಸೋತರು. ಅಲ್ಲಿಗೆ ಮುಗಿಯಿತು.

ಬೆಂಗಳೂರಿನಿಂದ ಮಕ್ಕಳನ್ನು ಟೆನಿಸ್‌ಗೆ ಅಂತ ಇಲ್ಲಿಗೆ ಕಳಿಸುವ ನಿಮ್ಮ ಬಂಧುಗಳಿಗೂ ಈ ಮಾತು ತಲುಪಿಸಿ. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ 2007 ಮತ್ತು 2008ರಲ್ಲಿ ಸಿಂಗಲ್ಸ್ ಚಾಂಪಿಯನ್ ಆದಾಗಿನಿಂದ ಆ ದಾರಿ ನಮ್ಮವರಿಗೂ ಗೊತ್ತು. ಡಿವಿಷನ್ 1 ಟೆನಿಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹೊರದೇಶದವರು. ಆದರೆ ದುಡ್ಡು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವ ಆಟಗಳಲ್ಲಿ ಟೆನಿಸ್ ಇದೆ, ಈಜು ಇದೆ. ವಿದ್ಯಾರ್ಥಿ ವೀಸಾದಲ್ಲಿ ಬಂದ ಮಗುವಿಗೆ ತಂಡ ಮುಚ್ಚಿದರೆ ಸ್ಕಾಲರ್‌ಶಿಪ್ ಜೊತೆ ಇಲ್ಲಿ ಇರುವ ದಾರಿಯೂ ಅಲ್ಲಾಡುತ್ತದೆ.

ಯುಗಾದಿ ಊಟದ ದಿನ ಕೇಳಿದ ಆ ಈಜುವ ಹುಡುಗಿಯ ಅಪ್ಪನಿಗೆ ನಾನು ಆಮೇಲೆ ಹೇಳಿದ್ದು ಇಷ್ಟು. ಡಿವಿಷನ್ ಸಂಖ್ಯೆ ನೋಡಿ ಸೇರಿಸಬೇಡಿ. ಖಾಸಗಿ ಕಾಲೇಜುಗಳು ಪ್ರತಿವರ್ಷ ತೆರಿಗೆ ಇಲಾಖೆಗೆ ಕೊಡುವ 990 ಅನ್ನುವ ಫಾರ್ಮು ಯಾರು ಬೇಕಾದರೂ ನೋಡಬಹುದು. ನಾಲ್ಕು ವರ್ಷದ್ದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ, ಖರ್ಚು ಆದಾಯವನ್ನು ಮೀರುತ್ತಲೇ ಇದೆಯಾ ಅಂತ. ಕಾಲೇಜಿನಲ್ಲಿ ಮಕ್ಕಳ ಸಂಖ್ಯೆ ಏರುತ್ತಿದೆಯಾ ಇಳಿಯುತ್ತಿದೆಯಾ ಕೇಳಿ. ತಂಡ ನಿಂತರೆ ಸ್ಕಾಲರ್‌ಶಿಪ್ ಉಳಿಯುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ. ಮತ್ತೆ ಕೋಚ್‌ಗೆ ಒಂದೇ ಪ್ರಶ್ನೆ: ಮೂರು ವರ್ಷದ ಹಿಂದೆ ನಿಮ್ಮ ತಂಡಕ್ಕೆ ಎಷ್ಟು ಹೊಸಬರು ಬಂದರು, ಅವರಲ್ಲಿ ಎಷ್ಟು ಜನ ಇನ್ನೂ ಇದ್ದಾರೆ?

ಹೋದ ವಾರ ಅವರು ಫೋನ್ ಮಾಡಿದ್ದರು. ಎರಡೂ ಕಾಲೇಜಿಗೆ ಹೋಗಿ ಬಂದರಂತೆ. ಪ್ರಶ್ನೆಯನ್ನು ಮಗಳೇ ಕೇಳಿದಳಂತೆ. ಮೊದಲನೇ ಕಡೆ ಕೋಚ್, ಆಮೇಲೆ ಇಮೇಲ್ ಮಾಡುತ್ತೇನೆ ಅಂದವರು ಇನ್ನೂ ಮಾಡಿಲ್ಲ. ಇನ್ನೊಂದು ಕಡೆ ಕೋಚ್ ಡ್ರಾಯರ್‌ನಿಂದ ಹಳೆಯ ಪಟ್ಟಿ ತೆಗೆದು ಇವರ ಎದುರಿಗೇ ಬೆರಳಿಟ್ಟು ಎಣಿಸಿದರಂತೆ. ಹನ್ನೊಂದು ಜನ ಬಂದಿದ್ದರು, ಎಂಟು ಜನ ಇದ್ದಾರೆ. ಒಬ್ಬಳು ನರ್ಸಿಂಗ್‌ಗೆ ಬೇರೆ ಕಾಲೇಜಿಗೆ ಹೋದಳು, ಒಬ್ಬಳಿಗೆ ಭುಜದ ಆಪರೇಷನ್ ಆಯಿತು, ಇನ್ನೊಬ್ಬಳಿಗೆ ಫೀ ಕಟ್ಟಲು ಆಗಲಿಲ್ಲ. ಮೂವರ ಹೆಸರೂ ಅವರಿಗೆ ನೆನಪಿತ್ತಂತೆ.